ಮುಟ್ಟಿದ ಕುದುರೆ

ಕ್ಲಬ್ಬಿನಲ್ಲಿ ಅವನಿಗೆ ಉಡ ಎಂದೇ ಹೆಸರು. ಹಿಡಿದರೆ ಬಿಡುವವನಲ್ಲ. ಚದುರಂಗದಲ್ಲಿ ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕೆಂಬ ನಿಯಮವನ್ನು ಸ್ವಂತ ಭಾವಮೈದುನನಿಗೂ ಬಿಟ್ಟವನಲ್ಲ. ಆರು ತಿಂಗಳು ಅವರಿಬ್ಬರಿಗೆ ಮಾತಿರಲಿಲ್ಲ. ಉಡನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ವರದಿಗಳನ್ನೆಲ್ಲ ಟೈಪ್ ಮಾಡುವವನು ಅವನೇ.

ಭಾನುವಾರ ಮಧ್ಯಾಹ್ನ ಸೆಮಿಫೈನಲ್ಲಿಗೆ ಎದುರು ಕೂತ ದರ್ಜಿಗೆ ಇವೆರಡೂ ಗೊತ್ತಿತ್ತು. ಎರಡು ತಿಂಗಳಲ್ಲಿ ಮೂರು ಸಲ ಅವನು ತನ್ನ ಪ್ಯಾಂಟಿನ ಸೊಂಟವನ್ನು ತಾನೇ ಹಿಡಿದು ಹೊಲಿದುಕೊಂಡಿದ್ದ. ಕಂಕುಳಲ್ಲಿ ಎದ್ದ ಗಂಟಿಗೆ ಸೂಜಿ ಹಾಕಿ ತೆಗೆದದ್ದು ಗುರುವಾರ ಅದೇ ಲ್ಯಾಬಿಗೆ ಹೋಗಿತ್ತು. ಡಾಕ್ಟರು ನಾಳೆ ಬರಹೇಳಿದ್ದರು. ವರದಿಯ ಬಗ್ಗೆ ಉಡನನ್ನು ಏನೂ ಕೇಳಬಾರದು ಎಂದು ದರ್ಜಿ ದಾರಿಯುದ್ದಕ್ಕೂ ತನಗೇ ಹೇಳಿಕೊಂಡು ಬಂದಿದ್ದ.

"ಏನಯ್ಯಾ, ಬಾಯಿಗೆ ಹೊಲಿಗೆ ಹಾಕ್ಕೊಂಡು ಬಂದಿದೀಯಾ? 'ನಿಮ್ಮ ರಾಜನಿಗೆ ಅಳತೆ ತಗೊಳ್ಲಾ ಮಾಸ್ಟ್ರೇ' ಅಂತ ಕಿಚಾಯಿಸ್ತಿದ್ದೋನು!" ಎಂದ ದರ್ಜಿ.

"ಗಂಟಲು ಸರಿ ಇಲ್ಲ ಮಾಸ್ಟ್ರೇ," ಅಂದ ಉಡ, ಹಲಗೆಯಿಂದ ಕಣ್ಣೆತ್ತದೆ.

ಇಪ್ಪತ್ತನೇ ನಡೆಗೆ ದರ್ಜಿ ತನ್ನ ಕುದುರೆಯ ತಲೆ ಹಿಡಿದ. ಹಿಡಿದ ಮೇಲೆ ಕಂಡಿತು: ಅದು ಕದಲಿದರೆ ಹಿಂದಿರುವ ಮಂತ್ರಿ ನೇರ ಉಡನ ಆನೆಯ ಬಾಯಿಗೆ. ಕೆಂಡ ಮುಟ್ಟಿದವನಂತೆ ಕೈ ಬಿಟ್ಟ. ಪಕ್ಕದ ಮೇಜಿನವರು ತಲೆ ಎತ್ತಿದರು. ಇನ್ನೇನು, ಉಡ ತೀರ್ಪುಗಾರರನ್ನು ಕೂಗುತ್ತಾನೆ.

ಉಡ ಕೂಗಲಿಲ್ಲ.

"ಬಿಡಿ ಮಾಸ್ಟ್ರೇ. ಕೈ ತಾಗ್ತು ಅಷ್ಟೇ. ಬೇರೇದು ಆಡಿ."

ಧ್ವನಿ ಮೆತ್ತಗಿತ್ತು. ಗಂಟಲಿಗೆ ಏನೂ ಆಗಿರಲಿಲ್ಲ.

"ಉಡ ಪಟ್ಟು ಬಿಡ್ತಪ್ಪೋ! ಯಾರಾದ್ರೂ ಬರೆದಿಟ್ಕೊಳ್ರಿ," ಎಂದು ಪಕ್ಕದ ಮೇಜಿನ ಪೋಸ್ಟ್‌ಮಾಸ್ಟರು ನಕ್ಕರು.

ದರ್ಜಿಗೆ ನಗು ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರಿಗೂ ಕೊಡದ್ದನ್ನು ಈ ಮನುಷ್ಯ ಇವತ್ತು ತನಗೆ ಕೊಡುತ್ತಿದ್ದಾನೆ. ನಾಳೆಯ ಕಾಗದವನ್ನು ಇವತ್ತೇ ಓದಿ ಹೇಳಿದಂತಾಯಿತು.

"ಮುಟ್ಟಿದ್ದು ಮುಟ್ಟಿದ್ದೇ." ದರ್ಜಿ ಕುದುರೆಯನ್ನೇ ನಡೆಸಿ ಗಡಿಯಾರದ ಗುಂಡಿ ಒತ್ತಿದ. "ನನ್ನ ಮಂತ್ರಿ ಸಿಕ್ಕಿದೆ. ಹೊಡಿ."

ಉಡ ಅಲ್ಲಾಡಲಿಲ್ಲ.

"ಹೊಡಿಯೋ. ಯಾವಾಗ್ಲೂ ಹೊಡೀತಿದ್ದ ಹಾಗೇ ಹೊಡಿ." ಗದರಲು ಹೊರಟ ಮಾತು ಬೇಡಿಕೊಂಡಂತೆ ಹೊರಬಂತು.

ಉಡನ ಕೈ ಆನೆಯ ಹತ್ತಿರ ಬಂದು, ಮುಟ್ಟದೆ, ಮೇಜಿನ ಅಂಚಿಗೆ ಮರಳಿತು. ಗಡಿಯಾರದಲ್ಲಿ ಅವನ ಹೊತ್ತು ಓಡುತ್ತಲೇ ಇತ್ತು.