ತಳ ಓದುವ ಸೆರಾವೊ

ಲೋಟದಲ್ಲಿರುವ ಚಹಾ ಕುಡಿಯುವವರು ಲೋಕದಲ್ಲಿ ಕೋಟ್ಯಂತರ ಮಂದಿ. ಆದರೆ ತುಂಬಿದ ಲೋಟವನ್ನು ನೆತ್ತಿಯ ಮಟ್ಟಕ್ಕೆ ಎತ್ತಿ, ಗ್ರಹಣ ನೋಡುವ ಜ್ಯೋತಿಷಿಯಂತೆ ಕತ್ತನ್ನು ಹಿಂದಕ್ಕೆ ಬಾಗಿಸಿ, ಅದರ ತಳವನ್ನು ಸಾವಧಾನವಾಗಿ ಓದಿ, ಆಮೇಲಷ್ಟೇ ತುಟಿಗೆ ತಾಗಿಸುವ ಮಹಾನುಭಾವರು ನಾನು ಕಂಡಂತೆ ಒಬ್ಬರೇ: ದುಬೈಯಲ್ಲಿ ಟ್ರೇಡ್‌ಮಾರ್ಕ್ ವಕೀಲಿಕೆ ನಡೆಸುವ ನಮ್ಮ ಆಲ್ಫೋನ್ಸ್ ಸೆರಾವೊ. ಅವರ ಕೈಗೆ ಸಿಕ್ಕು ಮಗುಚಿಕೊಳ್ಳದೆ ಪಾರಾದ ವಸ್ತುವೇ ಇಲ್ಲ. ಅಬುಧಾಬಿಯ ಅಲ್ ಮೀನಾದಲ್ಲಿ ಕಾರ್ಪೆಟ್ ಅಂಗಡಿಯವರು ಅವರನ್ನು ದೂರದಲ್ಲಿ ಕಂಡೊಡನೆ ಮಾಲನ್ನೆಲ್ಲ ತಾವಾಗಿ ಬೋರಲು ಹಾಸುತ್ತಾರಂತೆ. ಪಕ್ಕದ ಮೀನು ಮಾರುಕಟ್ಟೆಯಲ್ಲಿ ಅವರು ಅಂಜಲ್ ಮೀನೊಂದನ್ನು ಮಗುಚಿ ತಯಾರಕರ ಹೆಸರು ಹುಡುಕಿದರಂತೆ. ಯಾರದೋ ನಾಮಕರಣದಲ್ಲಿ ಕೂಸಿನ ಅಂಗಾಲನ್ನು ಪರೀಕ್ಷಿಸಿ, 'ಒರಿಜಿನಲ್' ಎಂದು ಹರಸಿದರಂತೆ. ಇವುಗಳಲ್ಲಿ ಕೊನೆಯದೊಂದು ಶುದ್ಧ ಸುಳ್ಳು. ಅದನ್ನು ಹಬ್ಬಿಸಿದ ಕೀರ್ತಿ ನನ್ನದು.

ಸೆರಾವೊ ಅವರದು ಮಂಗಳೂರಿನ ಕಡೆಯ ಕೊಂಕಣಿ ಮನೆತನ. ಎತ್ತರದ ಆಳು, ನಡಿಗೆ ನಿಧಾನ. ತಮ್ಮ ಕಚೇರಿಯಿರುವ ದುಬೈಯ ಕರಾಮ ಬಡಾವಣೆಯ ಪಾದಚಾರಿ ಹಾದಿಯೂ ನಕಲಿಯಾಗಿರಬಹುದೆಂಬ ಗುಮಾನಿಯಲ್ಲಿ ಒಂದೊಂದು ಕಲ್ಲನ್ನೂ ಒತ್ತಿ ನೋಡಿ ನಡೆಯುತ್ತಾರೆ. ಹೊರಗೆ ಕಬ್ಬಿಣ ಕರಗುವ ಆಗಸ್ಟ್ ತಿಂಗಳಲ್ಲೂ ಮೈಮೇಲೊಂದು ಕಪ್ಪು ಉಣ್ಣೆಯ ಕೋಟು. ಕೇಳಿದರೆ, ಮೆಟ್ರೊದ ಒಳಗೆ ಯುರೋಪ್, ಹೊರಗೆ ಅರಬಸ್ತಾನ, ತಾನು ಎರಡೂ ಕಡೆ ವ್ಯವಹಾರ ಇರುವವನು ಎನ್ನುತ್ತಾರೆ. ಆದರೆ ಅವರ ನಿಜವಾದ ಲಾಂಛನ ಕೋಟಲ್ಲ, ಒಂದು ಪ್ರಶ್ನೆ. ಏನು ಕೇಳಿದರೂ ಅವರು ಮೊದಲು ಹೇಳುವುದು 'ಯಾವ ದೇಶದಲ್ಲಿ?' ಎಂದು. ಹೆಸರುಗಳ ಹಕ್ಕು ಗಡಿ ದಾಟಿದೊಡನೆ ಆವಿಯಾಗುತ್ತದೆ ಎಂಬುದು ಅವರ ಶಾಸ್ತ್ರದ ಮೊದಲ ಪಾಠ; ಅದು ರಕ್ತಕ್ಕೆ ಇಳಿದುಬಿಟ್ಟಿದೆ. ಮದುವೆಯಾಗಿದೆಯೇ ಎಂದು ಹೊಸಬರೊಬ್ಬರು ವಿಚಾರಿಸಿದಾಗಲೂ ಅಭ್ಯಾಸಬಲದಿಂದ ಅದೇ ಮಾತು ಬಾಯಿಗೆ ಬಂದು, ಪಕ್ಕದಲ್ಲಿ ನಿಂತಿದ್ದ ಹೆಂಡತಿ ಜೋಸ್ಫಿನ್ ಆ ವಾರವಿಡೀ ಅವರೊಡನೆ ಯಾವ ದೇಶದ ಭಾಷೆಯಲ್ಲೂ ಮಾತಾಡಲಿಲ್ಲ.

ಈ ವೀರರ ಬಳಿಗೆ ಖದೀಜಾ ಅವರನ್ನು ಕರೆದೊಯ್ದವನು ನಾನು. ಅಲ್ ಕುಸೈಸ್‌ನಲ್ಲಿ ನಮ್ಮ ಮೇಲಿನ ಮಹಡಿಯವರು, ಭಟ್ಕಳದ ನವಾಯತ ಮುಸ್ಲಿಂ ಮನೆತನದ ಹೆಂಗಸು. ಅವರು ತಯಾರಿಸುವ ಬಿರಿಯಾನಿ ಮಸಾಲೆಗೆ ತೀರಿಕೊಂಡ ಅಜ್ಜಿಯ ಹೆಸರು: 'ಬೀಫಾತಿಮ'. ಡಬ್ಬದ ಮೇಲೆ ದಪ್ಪ ಕನ್ನಡಕದ ಅಜ್ಜಿ ಸೌಟು ಹಿಡಿದು ನಗುತ್ತಿರುತ್ತಾಳೆ. ಯುರೋಪಿನ ವ್ಯಾಪಾರಿಯೊಬ್ಬ ದೊಡ್ಡ ಆರ್ಡರ್ ಕೊಟ್ಟು, ಕಂಟೇನರ್ ಹೊರಡುವುದರಲ್ಲಿತ್ತು. ಅಷ್ಟರಲ್ಲಿ ತಿಳಿಯಿತು, ಅವರ ನಾದಿನಿಯ ಮಗ, ಲಂಡನ್ನಿನಲ್ಲಿರುವ ನಬೀಲ್, ಅಜ್ಜಿಯ ಹೆಸರಿಗೂ ಚಿತ್ರಕ್ಕೂ ತನ್ನ ಕಂಪನಿಯ ಪರವಾಗಿ ಬ್ರಿಟನ್ನಿನಲ್ಲಿ ಒಂದು, ಯುರೋಪಿಗೆ ಇನ್ನೊಂದು ಅರ್ಜಿ ಹಾಕಿದ್ದಾನೆ. ಅವು ನೋಂದಣಿಯಾದರೆ ಖದೀಜಾ ಅವರ ಡಬ್ಬವೇ ಅಲ್ಲಿ ಕಳ್ಳಮಾಲು.

"ನನ್ನ ಅಜ್ಜಿಯನ್ನು ನಾನೇ ಕದ್ದ ಹಾಗೆ ಆಗ್ತದಲ್ಲ ಸಾರ್!" ಎಂದರು ಖದೀಜಾ. "ಇಲ್ಲಿ ರಿಜಿಸ್ಟರ್ ಮಾಡಿಸಿದ್ದೇನೆ. ಅದು ಸಾಕಾಗುದಿಲ್ವಾ?"

"ನಿಮ್ಮ ಎಮಿರೇಟ್ಸ್ ಐಡಿ ತೋರಿಸಿ ಲಂಡನ್ನಿನಲ್ಲಿ ಇಳಿಲಿಕ್ಕೆ ಆಗ್ತದಾ? ಇಲ್ಲ ಅಲ್ಲ? ಇದೂ ಹಾಗೆ." ಸೆರಾವೊ ಖದೀಜಾ ತಂದಿದ್ದ ಡಬ್ಬವನ್ನು ಮಗುಚಿದರು. "ಮೊದಲಾದ್ರೆ ಒಂದೇ ಕಡೆ ಜಗಳ ಮಾಡಿದ್ರೆ ಮುಗೀತಿತ್ತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಒಂದೇ ಕಳ್ಳತನಕ್ಕೆ ಎರಡು ಪೊಲೀಸ್ ಠಾಣೆ."

ಆಮೇಲೆ ಅವರು ವಿವರಿಸಿದ್ದು ಇಷ್ಟು. ದೇಶದೇಶಗಳು ಸೇರಿ ಮಾಡಿಕೊಂಡ ಪ್ಯಾರಿಸ್ ಒಪ್ಪಂದದಲ್ಲಿ ಒಂದು ಬ್ರಹ್ಮಾಸ್ತ್ರವಿದೆ: ಮಾಲೀಕರ ಒಪ್ಪಿಗೆಯಿಲ್ಲದೆ ಅವರ ಏಜೆಂಟ್ ತನ್ನ ಹೆಸರಿನಲ್ಲಿ ಮಾರ್ಕನ್ನು ನೋಂದಾಯಿಸಹೊರಟರೆ, ಮಾಲೀಕರು ಅದನ್ನು ತಡೆಯಬಹುದು, ತಮ್ಮ ಹೆಸರಿಗೆ ಬರೆಸಿಕೊಳ್ಳಲೂಬಹುದು. ಬ್ರಿಟನ್ನಿನ ಕಾಯಿದೆಯಲ್ಲೂ ಯುರೋಪಿನ ಕಾಯಿದೆಯಲ್ಲೂ ಅದರ ಸಂತಾನವಿದೆ. ನಬೀಲ್ ಇವರ ಪರವಾಗಿ ಮಾಲು ಪಡೆದವನು ಎಂದು ತೋರಿಸಿದರೆ ಸಾಕು.

"ಎಗ್ರಿಮೆಂಟ್ ಉಂಟಾ?"

"ಮನೆಯ ಹುಡುಗನ ಹತ್ರ ಎಗ್ರಿಮೆಂಟ್ ಕೇಳ್ಲಿಕ್ಕೆ ಆಗ್ತದಾ ಸಾರ್? ನಾದಿನಿ ಮತ್ತೆ ನನ್ನ ಮನೆ ಮೆಟ್ಟಿಲು ಹತ್ತುದಿಲ್ಲ. ಅಲ್ಲಿಗೆ ಹೋಗುವವರ ಸೂಟ್‌ಕೇಸಲ್ಲಿ ಡಬ್ಬ ಕಳಿಸಿದೆ, ಅಂಗಡಿಗಳಿಗೆ ತೋರಿಸು ಅಂತ ಫೋನಲ್ಲಿ ಹೇಳಿದೆ. ಅಷ್ಟೇ."

"ಯಾವ ಡಬ್ಬ?"

"ಹಳೇ ಸ್ಟಾಕ್," ಎಂದು ಖದೀಜಾ ಯಾಕೋ ನೆಲ ನೋಡಿದರು.

ಬೇರೆ ವಕೀಲರಾಗಿದ್ದರೆ ಮುಖ ಸಣ್ಣದು ಮಾಡುತ್ತಿದ್ದರು. ಸೆರಾವೊ ಕೋಟಿನ ಗುಂಡಿ ಹಾಕಿಕೊಂಡರು. ಅದು ಅವರ ಕದನೋತ್ಸಾಹದ ಕುರುಹು. ಗಡುವು ಮೀರುವ ಮೊದಲೇ ಲಂಡನ್ನಿನ ಮತ್ತು ಯುರೋಪಿನ ವಕೀಲಮಿತ್ರರ ಮೂಲಕ ಎರಡೂ ಕಡೆ ಆಕ್ಷೇಪಣೆಯ ಬಾಣ ಬಿಟ್ಟರು. ನಬೀಲ್‌ನ ಉತ್ತರವೂ ಬಂತು: ತಾನು ಯಾರ ಏಜೆಂಟೂ ಅಲ್ಲ, ಯಾವ ಡಬ್ಬವನ್ನೂ ಪಡೆದಿಲ್ಲ, ನೋಡಿಯೂ ಇಲ್ಲ, ಬೀಫಾತಿಮ ಎಂಬ ಹೆಸರು ಕರಾವಳಿಯಲ್ಲಿ ಮನೆಗೊಂದಿದೆ, ಚಿತ್ರ ಲಂಡನ್ನಿನ ಡಿಸೈನರ್ ಸ್ವಂತ ಕಲ್ಪನೆಯಿಂದ ಬರೆದದ್ದು.

ಅಷ್ಟರಲ್ಲಿ ಕುಟುಂಬದ ಮದುವೆಗೆಂದು ನಬೀಲ್ ದುಬೈಗೆ ಬಂದ. ಮಾತುಕತೆ ಸೆರಾವೊ ಅವರ ಕಚೇರಿಯಲ್ಲಿ ಏರ್ಪಟ್ಟಿತು. ಕಚೇರಿ ಕರಾಮದ ಒಂದು ಉಡುಪಿ ಹೋಟೆಲಿನ ಮೇಲಿದೆ. ಅಲ್ಲಿ ಎಂತಹ ಅಂತರರಾಷ್ಟ್ರೀಯ ವ್ಯಾಜ್ಯಕ್ಕೂ ಸಾಂಬಾರಿನ ಪರಿಮಳ ಸಾಕ್ಷಿಯಾಗಿರುತ್ತದೆ. ನಬೀಲ್‌ನ ವಕೀಲರು ಲಂಡನ್ನಿನಿಂದ ಲ್ಯಾಪ್‌ಟಾಪಿನ ಪರದೆಯಲ್ಲಿ ಕುಳಿತರು. ಹುಡುಗ ಸೊಗಸಾಗಿದ್ದ, ಸೂಟು ಅದಕ್ಕಿಂತ ಸೊಗಸಾಗಿತ್ತು. ಯುರೋಪಿನ ಮಾರುಕಟ್ಟೆಗೆಂದು ಮಾಡಿಸಿದ್ದ ತನ್ನ ಹೊಸ ಡಬ್ಬವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟ.

"ಮಾಮಿ, ನಿಮಗೆ ಬ್ಯುಸಿನೆಸ್ ಗೊತ್ತಾಗುದಿಲ್ಲ. ನೀವು ಸಪ್ಲೈ ಮಾಡಿ, ಬ್ರ್ಯಾಂಡ್ ನಾನು ನೋಡ್ಕೊಳ್ತೇನೆ. ಖಲಾಸ್."

"ಅಜ್ಜಿ ನನ್ನದು, ಬ್ರ್ಯಾಂಡ್ ನಿನ್ನದಾ? ಚೆನ್ನಾಗುಂಟು! ನಿನ್ನ ಅಮ್ಮನ ಹೆಸರಲ್ಲಿ ಒಂದು ಉಪ್ಪಿನಕಾಯಿ ಮಾಡ್ಲಾ ನಾನು?"

ಸೆರಾವೊ ಮಾತ್ರ ಈ ಗದ್ದಲಕ್ಕೆ ಕಿವಿಗೊಡಲಿಲ್ಲ. ಅವರು ನಬೀಲ್‌ನ ಡಬ್ಬವನ್ನು ಎತ್ತಿದರು, ಮಗುಚಿದರು. ತಳವನ್ನು ಓದಿದರು. ಓದಿ ಮುಗಿಸಿದ ಮೇಲೂ ಡಬ್ಬ ನೆಟ್ಟಗಾಗಲಿಲ್ಲ. ಅಜ್ಜಿ ತಲೆಕೆಳಗಾಗಿ ನಗುತ್ತಲೇ ಇದ್ದಳು. ಸೆರಾವೊ ಖದೀಜಾ ಅವರ ಡಬ್ಬವನ್ನೂ ಹಾಗೆಯೇ ಬೋರಲು ಹಿಡಿದು ಪಕ್ಕಕ್ಕೆ ತಂದರು.

"ನಬೀಲ್, ಈ ಅಜ್ಜಿ ಎಡಚರಾ?"

"ವಾಟ್?"

"ಸೌಟು ಎಡಗೈಯಲ್ಲಿ ಉಂಟಲ್ಲ ಮಾರಾಯ್ರೆ. ಇವರ ಡಬ್ಬದಲ್ಲಿ ಬಲಗೈಯಲ್ಲಿ ಉಂಟು."

ಖದೀಜಾ ಕುರ್ಚಿಯಿಂದ ಎದ್ದೇಬಿಟ್ಟರು. ಅಷ್ಟು ದಿನ ನಾಚಿಕೆಯಿಂದ ಬಚ್ಚಿಟ್ಟದ್ದು ಈಗ ಸಂಭ್ರಮದಿಂದ ಹೊರಬಂತು. ಕೊನೆಯ ಈದ್ ಹಬ್ಬದಲ್ಲಿ ಅಜ್ಜಿಯೊಡನೆ ಅಡುಗೆಮನೆಯಲ್ಲಿ ತೆಗೆದುಕೊಂಡ ಸೆಲ್ಫಿಯನ್ನು ನೋಡಿ ಚಿತ್ರ ಬರೆಸಿದ್ದರಂತೆ. ಸೆಲ್ಫಿ ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿತ್ತು. ಮೊದಲ ಕಂತಿನ ಡಬ್ಬಗಳು ಅಚ್ಚಾಗಿ ಬಂದಾಗ ನೆಂಟರಿಷ್ಟರೆಲ್ಲ ಹೌಹಾರಿದರು. "ಬೀಫಾತಿಮಕ್ಕ ಎಡಗೈಯಲ್ಲಿ ಬಡಿಸ್ತಾರಾ? ಯಾರು ತಿಂತಾರೆ ಅದನ್ನ?" ಖದೀಜಾ ಚಿತ್ರ ತಿದ್ದಿಸಿದರು. ತಪ್ಪಿದ ಡಬ್ಬಗಳನ್ನು ಎಸೆಯಲು ಮನಸ್ಸಾಗಲಿಲ್ಲ, ಇಲ್ಲಿ ಮಾರಲು ಮುಖವಿರಲಿಲ್ಲ. ಕೈ ಯಾವುದೆಂದು ಲಂಡನ್ನಿನಲ್ಲಿ ಯಾರು ನೋಡುತ್ತಾರೆ ಎಂದುಕೊಂಡು, ಇದ್ದಬದ್ದವನ್ನೆಲ್ಲ ಸೂಟ್‌ಕೇಸುಗಳಿಗೆ ತುಂಬಿ ನಬೀಲ್‌ಗೆ ಸಾಗಹಾಕಿದ್ದರು.

"ಎಡಗೈ ಅಜ್ಜಿ ಹೋದದ್ದು ನಿನ್ನ ಮನೆಗೆ ಮಾತ್ರ ನಬೀಲ್! ಬೇರೆ ಒಂದು ಮನೆಗೂ ಹೋಗಲಿಲ್ಲ. ಭಟ್ಕಳದಲ್ಲಿ ಹುಟ್ಟಿದ ಮಗನೇ, ಕಾಪಿ ಹೊಡಿಯುವಾಗ ಕೈ ನೋಡ್ಲಿಲ್ವಾ ನೀನು?"

ನಬೀಲ್ ಡಬ್ಬವನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. ಪರದೆಯ ಮೇಲಿನ ವಕೀಲರು ಚಿತ್ರಪಟದಂತೆ ನಿಶ್ಚಲರಾದರು. ಇಂಟರ್ನೆಟ್ಟಿನ ದೋಷವೋ, ವೃತ್ತಿಯ ಅನುಭವವೋ, ಹೇಳಲಾರೆ. ಡಬ್ಬ ನೋಡಿಯೇ ಇಲ್ಲ ಎಂಬ ಮಾತಿಗೆ ಇನ್ನು ಯಾವ ದೇಶದಲ್ಲೂ ಆಸರೆಯಿರಲಿಲ್ಲ. ಮದುವೆಯ ಬಿರಿಯಾನಿ ಬೇಯುವ ಮೊದಲೇ ಎರಡೂ ಅರ್ಜಿಗಳನ್ನು ಮಾಮಿಯ ಹೆಸರಿಗೆ ವರ್ಗಾಯಿಸಲು ಅವನು ಒಪ್ಪಿ ಸಹಿ ಹಾಕಿದ. ಮಾಮಿ ಅವನನ್ನೇ ಲಂಡನ್ನಿನ ಮಾರಾಟಕ್ಕೆ ನೇಮಿಸಿದರು, ಈ ಸಲ ಎಗ್ರಿಮೆಂಟ್ ಬರೆಸಿ.

ಒಂದು ತೊಡಕು ಉಳಿಯಿತು. ಸಲ್ಲಿಸಿದ ಅರ್ಜಿಯಲ್ಲಿನ ಚಿತ್ರವನ್ನು ಆಮೇಲೆ ತಿದ್ದಲು ಕಾಯಿದೆ ಬಿಡುವುದಿಲ್ಲ. ಹಾಗಾಗಿ ಅರಬ್ ನಾಡಿನಲ್ಲಿ ಬಲಗೈಯಲ್ಲಿ ಬಡಿಸುವ ಬೀಫಾತಿಮ ಅಜ್ಜಿ, ಬ್ರಿಟನ್ನಿನಲ್ಲೂ ಯುರೋಪಿನಲ್ಲೂ ಅಧಿಕೃತವಾಗಿ ಎಡಚಿ. ಹೊಸ ಅರ್ಜಿ ಹಾಕೋಣವೇ ಎಂದು ಸೆರಾವೊ ಕೇಳಿದಾಗ ಖದೀಜಾ ನಕ್ಕುಬಿಟ್ಟರು. "ಬೇಡ ಸಾರ್. ಅಲ್ಲಿಯವರು ಎರಡೂ ಕೈಯಲ್ಲಿ ತಿಂತಾರೆ, ನಡೀತದೆ."

ಅಂದು ಸಂಜೆ ನನಗೆ ಸೆರಾವೊ ಅವರ ವಕೀಲಕುಲದ ಮಹಿಮೆ ಅರಿವಾಯಿತು. ನಾವೆಲ್ಲ ಲೋಕದ ಮುಖ ನೋಡಿ ಮರುಳಾಗುವವರು. ನಗುವ ಅಜ್ಜಿ ಕಂಡರೆ ನಮ್ಮ ಕಣ್ಣು ಅವಳ ನಗುವಿನಲ್ಲೇ ನಿಂತುಬಿಡುತ್ತದೆ. ಅವಳನ್ನು ತಲೆಕೆಳಗು ಮಾಡಿದಾಗ ಮುಖ ಅಪರಿಚಿತವಾಗಿ, ಕೈಗಳು ಮಾತಾಡತೊಡಗುತ್ತವೆ. ಹೆಸರುಗಳನ್ನು ಕಾಯುವ ಈ ಜನರಿಗೆ ಆ ಗುಟ್ಟು ಗೊತ್ತು. ಯಾವುದು ಯಾರದು ಎಂಬುದನ್ನು ವಸ್ತು ತನ್ನ ಎದೆಯ ಮೇಲೆ ಬರೆದುಕೊಂಡಿರುವುದಿಲ್ಲ, ಯಾರೂ ನೋಡದ ಕಡೆ ಬಚ್ಚಿಟ್ಟಿರುತ್ತದೆ. ಅದನ್ನು ತಿರುಗಿಸಿ ಕೇಳುವ ತಾಳ್ಮೆಯಿರುವವರು ನಾಲ್ಕು ಮಂದಿ ಇರುವುದರಿಂದಲೇ ನಮ್ಮ ಅಜ್ಜಿಯರು ಇನ್ನೂ ನಮ್ಮ ಅಜ್ಜಿಯರಾಗಿ ಉಳಿದಿದ್ದಾರೆ.

ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಇದನ್ನೆಲ್ಲ ಅವರಿಗೆ ಭಾವುಕನಾಗಿ ನಿವೇದಿಸಿ, ಡಬ್ಬ ಮಗುಚಿದಾಗ ನಿಮ್ಮ ಮನಸ್ಸಿನಲ್ಲಿ ಇದ್ದ ತತ್ತ್ವ ಯಾವುದು ಎಂದು ಕೇಳಿದೆ. ಸೆರಾವೊ ಲೋಟವನ್ನೆತ್ತಿ ತಳ ನೋಡಿ, ಒಂದು ಗುಟುಕು ಹೀರಿದರು.

"ಎಂತ ತತ್ತ್ವ ಮಾರಾಯ್ರೆ? ಎಕ್ಸ್‌ಪೈರಿ ಡೇಟ್ ನೋಡಿದ್ದು. ಬರುವಾಗ ಒಂದು ಮಸಾಲೆ ಡಬ್ಬ ತನ್ನಿ ಅಂತ ಜೋಸ್ಫಿನ್ ಹೇಳಿದ್ದಳು."