ಕೋಕಿಯೋ ಗಿಡದ ಕಾವಲುಗಾರ

ಲೋಪಾಕನ ಅಂಗಳದಲ್ಲಿ ಒಂದು ದಾಸವಾಳದ ಗಿಡವಿತ್ತು. ಅವನ ಎದುರಿಗೆ ಅದನ್ನು ದಾಸವಾಳ ಎಂದವರ ಕಥೆ ಮುಗಿದಂತೆ, ಕೋಕಿಯೋ ಎನ್ನಬೇಕು. ಮೊಲೊಕಾಯಿ ದ್ವೀಪದ ಕಣಿವೆಗಳನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ತಾನಾಗಿ ಹುಟ್ಟದ, ಕೇಸರದವರೆಗೂ ಅಚ್ಚ ಬಿಳುಪಾದ ಹೂ ಅದು. ಆಡು, ಜಿಂಕೆಗಳು ತಿಂದು ಉಳಿಸಿದ್ದು ಬೆರಳೆಣಿಕೆಯಷ್ಟು. ಬಂದರಿನ ಕೆಲಸದಿಂದ ನಿವೃತ್ತನಾದ ಮೇಲೆ ಲೋಪಾಕ ಸರ್ಕಾರದ ಅನುಮತಿ ಚೀಟಿ ಸಮೇತ ಒಂದು ಸಸಿ ತಂದು ನೆಟ್ಟ. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗಿಡದ ಸುತ್ತ ಬೇಲಿ ಬಂತು. ಬೇಲಿಗೆ ಹಲಗೆ ಬಂತು: ಮುಟ್ಟಬೇಡಿ, ಮೂಸಬೇಡಿ. ಮನುಷ್ಯರ ಉಸಿರು ತಗುಲಿದರೆ ಪರಾಗ ಉದುರುತ್ತದೆ ಎಂದು ಅವನಿಗೆ ಯಾರು ಹೇಳಿದರೋ ಆ ದೇವರಿಗೇ ಗೊತ್ತು. ತನ್ನ ಕಾನೂನಿಗೆ ತಾನೇ ಮೊದಲು ತಲೆಬಾಗಿ, ನೀರು ಹಾಕುವಾಗಲೂ ಮುಖ ತಿರುಗಿಸಿಕೊಳ್ಳುತ್ತಿದ್ದ. ಹೆಂಡತಿ ಮೋಮಿಯ ಕೆಂಪು ದಾಸವಾಳದ ಸಾಲನ್ನು ಒಂದೇ ಬೆಳಿಗ್ಗೆಯಲ್ಲಿ ಕಡಿದು ಹಾಕಿದ. ಊರ ದಾಸವಾಳದ ಪರಾಗ ಬೆರೆತು ತನ್ನ ಕೋಕಿಯೋ ಕುಲಗೆಟ್ಟು ಹೋದರೆ ಏನು ಗತಿ!

"ನನ್ನ ಮದುವೆ ಹೊತ್ತಲ್ಲಿ ನಮ್ಮಮ್ಮನೂ ನಿಮ್ಮ ಕುಲಗೋತ್ರ ಇಷ್ಟು ವಿಚಾರಿಸ್ಲಿಲ್ಲ ಕಣ್ರೀ. ವಿಚಾರಿಸಿದ್ರೆ ಚೆನ್ನಾಗಿರ್ತಿತ್ತು," ಎಂದಳು ಮೋಮಿ.

ಮೋಮಿಯ ತಾಯಿ ಕಾಹಿವ ಇವರ ಜೊತೆಗೇ ಇದ್ದರು. ಮೊಮ್ಮಕ್ಕಳು ಮಾತ್ರವಲ್ಲ, ಇಡೀ ಬೀದಿ ಆಕೆಯನ್ನು ಟೂಟೂ, ಅಂದರೆ ಅಜ್ಜಿ, ಎಂದೇ ಕರೆಯುತ್ತಿತ್ತು. ಆ ಬೀದಿಯಲ್ಲಿ ಯಾರ ಕೊರಳಿಗೆ ಹಾರ ಬಿದ್ದರೂ ಅದನ್ನು ಕಟ್ಟಿದ್ದು ಆಕೆಯ ಬೆರಳುಗಳೇ. ಹೋದ ಈಸ್ಟರ್ ಹಬ್ಬಕ್ಕೆ, ಕಿವಿಯ ಹಿಂದೆ ಮುಡಿಯಲು ಒಂದೇ ಒಂದು ಕೋಕಿಯೋ ಕೊಡು ಎಂದು ಅಳಿಯನನ್ನು ಕೇಳಿದ್ದರು. ಲೋಪಾಕ ಅಂಗಡಿಯಿಂದ ಪ್ಲಾಸ್ಟಿಕ್ ಹೂ ತಂದುಕೊಟ್ಟ. ಟೂಟೂ ಅದನ್ನು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದರು.

ಇಷ್ಟೆಲ್ಲ ಆಟ ಒಂದು ಹಿತ್ತಾಳೆ ಫಲಕಕ್ಕಾಗಿ. ದ್ವೀಪದ ಗಿಡಗಳ ಸಂಘದವರು, ಹೂ ಕೀಳದೆ ಅಪರೂಪದ ಗಿಡ ಕಾಪಾಡಿದವರ ಮನೆಯ ಗೇಟಿಗೆ 'ರಕ್ಷಕ' ಎಂಬ ಫಲಕ ಜಡಿಯುತ್ತಿದ್ದರು. ಪಕ್ಕದ ಮನೆಯ ರುಫಿನೋಗೆ ಅದು ಆಗಲೇ ಸಿಕ್ಕಿತ್ತು. ಅವನು ಅದನ್ನು ದಿನಾ ಉಜ್ಜುತ್ತಿದ್ದ. ಲೋಪಾಕ ಹೊರಗೆ ಬಂದಾಗಲಂತೂ ಇನ್ನೂ ಜೋರಾಗಿ. ಆ ಫಲಕ ಸಿಗದಿದ್ದರೆ ಬದುಕಿದ್ದೂ ದಂಡ ಎನ್ನುವ ಮಟ್ಟಕ್ಕೆ ಲೋಪಾಕ ಬಂದಿದ್ದ.

ಕೊನೆಗೂ ಶನಿವಾರ ನಿಗದಿಯಾಯಿತು. ಸಂಘದ ಅಧ್ಯಕ್ಷೆ ಡೋರಿಸ್ ಯಮಾಶಿರೋ ಬಂದು ಕಣ್ಣಾರೆ ಹೂ ನೋಡಿ ಫಲಕ ಕೊಡುವವರಿದ್ದರು. ಗಿಡವೂ ಎಂದಿಲ್ಲದಂತೆ ಮೈತುಂಬ ಮೊಗ್ಗು ಬಿಟ್ಟಿತ್ತು. ಲೋಪಾಕ ಹಿಂದಿನ ಸಂಜೆಯೇ ಅದಕ್ಕೆ ಬಿಳಿ ಪರದೆ ಹೊದಿಸಿದ. ಭಾಷಣ ಮುಗಿದ ಮೇಲೆ ಸರಕ್ಕನೆ ಎಳೆಯುವುದು ಅವನ ಲೆಕ್ಕಾಚಾರ. ಬೆಳಿಗ್ಗೆ ಕುರ್ಚಿ ತರುವ, ಡೇರೆ ಕಟ್ಟುವ ಗಡಿಬಿಡಿಯಲ್ಲಿ ಪರದೆ ಎತ್ತಿ ನೋಡುವ ಪುರಸೊತ್ತೂ ಆಗಲಿಲ್ಲ.

ಜನ ಸೇರಿದರು. ಡೋರಿಸ್ ಮೈಕಿನ ಮುಂದೆ ನಿಂತು, "ಒಂದು ಕೋಕಿಯೋ ಹೂ ಕಿತ್ತರೆ ದ್ವೀಪದ ಒಂದು ಹನಿ ರಕ್ತ ಚೆಲ್ಲಿದ ಹಾಗೆ!" ಎಂದು ಗುಡುಗಿದರು. ಲೋಪಾಕ ಎದೆಯುಬ್ಬಿಸಿಕೊಂಡು ಎದ್ದು ನಿಂತ. ಆಗ ಟೂಟೂ ಮೆಲ್ಲಗೆ ನಡೆದು ಬಂದು ಅವನ ಕೊರಳಿಗೆ ಹಾರ ಹಾಕಿ ಕೆನ್ನೆಗೆ ಮುತ್ತಿಟ್ಟರು.

ಲೋಪಾಕ ಬಗ್ಗಿ ನೋಡಿಕೊಂಡ. ಅಚ್ಚ ಬಿಳಿ ಹೂಗಳು. ಕೇಸರವೂ ಬಿಳಿ.

"ಟೂಟೂ, ಇದೇನು ಮಾಡಿಬಿಟ್ರಿ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಿನ್ನ ದೊಡ್ಡ ದಿನ ಅಲ್ವೇನೋ? ಅಂಗಡಿ ಹಾರ ಹಾಕಿ ನನ್ನ ಮಾನ ಕಳ್ಕೊಳ್ಲಾ?"

"ಒಂದು ಮಾತು ಕೇಳ್ಬಾರದಿತ್ತಾ?"

"ಕೇಳ್ದೆ. ಕೇಳದೇನೇ ಹೂ ಕೀಳೋಕೆ ನಾನೇನು ಸಂಸ್ಕಾರ ಇಲ್ಲದವಳಾ? ಬೆಳಿಗ್ಗೆ ಗಿಡದ ಮುಂದೆ ನಿಂತು ಕೇಳ್ದೆ. ಬೇಡ ಅನ್ಲಿಲ್ಲ."

ಕೊರಳಿಗೆ ಬಿದ್ದ ಮರುಕ್ಷಣ ಹಾರ ತೆಗೆದು ಮೇಜಿನ ಮೇಲೆ ಎಸೆಯುವ ಪದ್ಧತಿ ಆ ನಾಡಿನಲ್ಲಿಲ್ಲ. ಹಾರ ಬೇಡವೆನ್ನುವಂತಿಲ್ಲ, ಹಾಕಿದವರು ಎದುರಿಗಿರುವಾಗ ತೆಗೆದರೆ ಅವರ ಪ್ರೀತಿಯನ್ನೇ ಕಿತ್ತೆಸೆದಂತೆ. ಲೋಪಾಕನ ಪಾಲಿಗೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಟೂಟೂ ಬೇರೆ ಮುಂದಿನ ಸಾಲಿನ ನಟ್ಟನಡುವೆ ಹೋಗಿ ಕೂತರು.

"ಬನ್ನಿ, ಈಗ ಆ ಹೂಗಳನ್ನ ನೋಡೋಣ," ಎಂದರು ಡೋರಿಸ್. ಲೋಪಾಕ ಕದಲಲಿಲ್ಲ. ಉಪಕಾರ ಮಾಡಲೆಂಬಂತೆ ರುಫಿನೋನೇ ಓಡಿಹೋಗಿ ಪರದೆ ಎಳೆದ.

ಗಿಡ ಹಸಿರಾಗಿ ನಿಂತಿತ್ತು. ತುದಿಯಲ್ಲಿ, ಟೂಟೂವಿನ ಕೈಗೆಟುಕದ ಕಡೆ, ಎರಡೋ ಮೂರೋ ಹೂ. ಎಲ್ಲರ ಕಣ್ಣುಗಳೂ ಗಿಡದಿಂದ ಲೋಪಾಕನ ಕೊರಳಿಗೆ ಬಂದವು.

"ಅಣ್ಣಾ, ಚೆನ್ನಾಗಿ ಕಾಪಾಡಿದೀಯ. ಮೈಮೇಲೇ ಹಾಕ್ಕೊಂಡು," ಎಂದ ರುಫಿನೋ.

ಡೋರಿಸ್ ಮುಖ ಕೆಂಪಾಯಿತು. ಕೈಯಲ್ಲಿದ್ದ ಫಲಕವನ್ನು ಚೀಲಕ್ಕೆ ಸೇರಿಸಿ, "ಇದು ಅಪರಾಧ! ಇಂಥ ಮನೇಲಿ ಒಂದು ನಿಮಿಷ..." ಎನ್ನುವಷ್ಟರಲ್ಲಿ ಟೂಟೂ ಎದ್ದು ಬಂದು, ಬುಟ್ಟಿಯಿಂದ ಇನ್ನೊಂದು ಹಾರ ತೆಗೆದು ಆಕೆಯ ಕೊರಳಿಗೂ ಹಾಕಿ ಮುತ್ತಿಟ್ಟರು. "ಮನೆಗೆ ಬಂದವರನ್ನ ಬರಿಗೊರಳಲ್ಲಿ ಕಳಿಸೋದುಂಟೇನಮ್ಮಾ?"

ಅಧ್ಯಕ್ಷೆಯೂ ಅದೇ ದ್ವೀಪದ ಮಗಳು. ಹಾರಕ್ಕೆ ಕೈ ಹಾಕುವ ಧೈರ್ಯ ಬರಲಿಲ್ಲ. ದ್ವೀಪದ ಎಷ್ಟೋ ಹನಿ ರಕ್ತವನ್ನು ಕೊರಳಲ್ಲಿ ಧರಿಸಿ ನಿಂತರು. ಆಮೇಲೆ ಮೂಗು ಅರಳಿತು.

"ಇದಕ್ಕೆ ಪರಿಮಳ ಇದೆಯಾ?" ಎಂದರು, ಚಿಕ್ಕ ಹುಡುಗಿಯ ದನಿಯಲ್ಲಿ.

"ಇದೇನು ಕೇಳ್ತೀಯ? ಇಷ್ಟು ವರ್ಷ ಇದರ ಬಗ್ಗೆ ಭಾಷಣ ಮಾಡಿದವಳು ನೀನೇ ಅಲ್ವಾ?" ಎಂದರು ಟೂಟೂ.

ಡೋರಿಸ್ ಫಲಕ ಇದ್ದ ಚೀಲದೊಂದಿಗೇ ಹೊರಟರು, ಕೊರಳ ಹಾರದೊಂದಿಗೂ. ಕಾರು ಹತ್ತುವ ಮುಂಚೆ, ಮಗಳ ಮದುವೆಗೆ ಇಂಥದೇ ಒಂದು ಕಟ್ಟಿಕೊಡುವಿರಾ ಎಂದು ಟೂಟೂವಿನ ಕಿವಿಯಲ್ಲಿ ಕೇಳಿದ್ದನ್ನು ಮೋಮಿ ಕೇಳಿಸಿಕೊಂಡಳು.

ಸಂಜೆ ಟೂಟೂ ಸುಸ್ತಾಗಿ ಒಳಗೆ ಹೋದರು. ಲೋಪಾಕ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಫಲಕ ಹೋದ ಸಂಕಟ ಎದೆಯಲ್ಲಿ ಇನ್ನೂ ಇತ್ತು. ಹೂಗಳು ಬಾಡಿ ನಸುಗೆಂಪಿಗೆ ತಿರುಗಿದ್ದವು.

"ಅಮ್ಮ ಒಳಗೆ ಹೋದ್ರು. ಇನ್ನು ತೆಗೀಬಹುದು. ಗಿಡದ ಬುಡಕ್ಕೇ ಹಾಕಿಬಿಡಿ," ಎಂದಳು ಮೋಮಿ.

ಲೋಪಾಕ ಹಾರವನ್ನು ಎರಡು ಕೈಯಲ್ಲೂ ಹಿಡಿದೆತ್ತಿ ಮೂಗಿಗೆ ಒತ್ತಿಕೊಂಡ. ಕೊರಳಿಂದ ತೆಗೆಯಲಿಲ್ಲ.

"ಇರಲಿ ಬಿಡೇ," ಎಂದ. "ಇನ್ನೂ ಸ್ವಲ್ಪ ಹೊತ್ತು."