ಜೈನೆಬಳನ್ನು ಇಳಿಸುವವರು

ಹಾರೆ ಕಲ್ಲಿಗೆ ತಗುಲಿ ಜಾರಿತು. ತಿರುನೆ ಮತ್ತೆ ಎತ್ತಿ ಹೊಡೆದರು. ಎಪ್ಪತ್ತು ದಾಟಿದ ಮೈ. ಬಿಳಿ ಮುಂಡಾಸು ಹುಬ್ಬಿನವರೆಗೆ ಇಳಿದಿತ್ತು.

“ಹಾರೆ ಇಲ್ಲಿ ಕೊಡಿ ಮೆರ್ಗೇತಾ,” ಎಂದ ಗುಂಡಿಯ ಅಂಚಿನಲ್ಲಿದ್ದ ಯಿಮರ್. “ನೀವೂ ಇಲ್ಲೇ ಮಲಗೋ ಅಂದಾಜಾ? ನಿಮ್ಮವರ ಜಾಗ ಆಚೆ ಗುಡ್ಡದ್ದು. ಅಲ್ಲೂ ನಿಮಗೆ ನಾವೇ ತೋಡ್ಬೇಕು ಬಿಡಿ.”

ಇಗರ್ಜಿಯಲ್ಲಿ ಸ್ತೋತ್ರ ಕಲಿಸುವ ತಿರುನೆಯವರನ್ನು ಊರೆಲ್ಲ ಮೆರ್ಗೇತಾ ಎಂದೇ ಕರೆಯುತ್ತಿತ್ತು. ವೊಲ್ಲೋ ಸೀಮೆಯ ಆ ಊರಿನಲ್ಲಿ ಸಾವಿನ ಸಂಘ ಒಂದೇ. ಯಾರ ಮನೆಯಲ್ಲಿ ಸಾವಾದರೂ ಮನೆಗೊಬ್ಬ ಗಂಡಸು ಹಾರೆ ಹಿಡಿದು ಬರಬೇಕು. ಕ್ರೈಸ್ತ ಗುರು ಮುಸ್ಲಿಮರ ಗೋರಿ ತೋಡುವುದು ಯಾರಿಗೂ ಹೊಸದಲ್ಲ.

“ಇಳಿಸೋದೂ ನಾನೇ,” ಎಂದರು ತಿರುನೆ, ಗುಂಡಿಯೊಳಗಿಂದ.

ಮೇಲಿದ್ದವರು ಹಿಂದಕ್ಕೆ ತಿರುಗಿ ನೋಡಿದರು. ಬಿಳಿಬಟ್ಟೆಯಲ್ಲಿ ಸುತ್ತಿದ ಜೈನೆಬ ಮರದ ಮಂಚದ ಮೇಲೆ ಕಾಯುತ್ತಿದ್ದಳು. ಹೆಂಗಸನ್ನು ಗೋರಿಗೆ ಇಳಿಸಬೇಕಾದವರು ರಕ್ತದ ಹತ್ತಿರದವರು. ಅವಳಿಗೆ ಗಂಡನಿಲ್ಲ, ಗಂಡುಮಕ್ಕಳಿಲ್ಲ, ಮಗಳು ಮೆರೀಮಳ ಗಂಡ ದೂರದ ಜಿದ್ದಾದಲ್ಲಿ. ಉಳಿದವರು ಅಣ್ಣ ತಿರುನೆ ಒಬ್ಬರೇ. ಅಸ್ಕಾಲೆ ಎಂಬ ಹೆಸರಿನಲ್ಲಿ ಅವರ ಬೆನ್ನಿಗೆ ಹುಟ್ಟಿ, ಹತ್ತೊಂಬತ್ತಕ್ಕೆ ಮುಸ್ಲಿಂ ನೇಕಾರನೊಬ್ಬನನ್ನು ಮದುವೆಯಾಗಿ ಜೈನೆಬಳಾದವಳು ಅವಳು. ಆಮೇಲೆ ಏಳು ವರ್ಷ ತಿರುನೆ ಅವಳ ಅಂಗಳ ತುಳಿದಿರಲಿಲ್ಲ.

*

ಜೈನೆಬ ಬದುಕಿದ್ದಾಗಿನ ಮಾತು. ಕ್ರೈಸ್ತರು ಮಾಂಸ ಬಿಡುವ, ಮರಿಯಮ್ಮನ ಉಪವಾಸದ ದಿನಗಳು. ಜೈನೆಬ ಕಾಫಿಬೀಜ ಹುರಿಯುತ್ತಿದ್ದಳು. ಅಣ್ಣನಿಗೆಂದೇ ಎತ್ತಿಟ್ಟ, ಮಾಂಸ ಸೋಕದ ಮಡಕೆಯಲ್ಲಿ ಬೇಳೆ ಕುದಿಯುತ್ತಿತ್ತು.

“ನಿಮ್ಮ ಗ್ರಂಥದಲ್ಲಿ ಒಂದೇ ಕತೇನ ನಾಲ್ಕು ಜನ ಹೇಳ್ತಾರೆ. ಒಬ್ಬ ಹೇಳಿದ್ದು ಇನ್ನೊಬ್ಬನ ಹತ್ರ ಇರೋದೇ ಇಲ್ಲ,” ಎಂದು ಕೆಣಕಿದಳು.

“ನಾಲ್ಕು ಸಾಕ್ಷಿ ಇದ್ರೆ ವ್ಯಾಜ್ಯ ಗಟ್ಟಿ ಕಣೇ. ನಿಮ್ಮದು ಒಬ್ಬರ ಕಿವಿಗೆ ಬಿದ್ದದ್ದು.”

“ಹೇಳಿದವನು ಅಲ್ಲಾಹ್. ಅವನಿಗೆ ಯಾಕೆ ಸಾಕ್ಷಿ? ಇಪ್ಪತ್ಮೂರು ವರ್ಷ ನಿಧಾನಕ್ಕೆ ಹೇಳಿದಾನೆ, ನಿಮ್ಮ ಹಾಗೆ ಅವಸರ ಇಲ್ಲ.”

ತಿರುನೆ ನಕ್ಕರು. ಅವಳು ಕೇಳಿದಳೆಂದು ಮರಿಯಮ್ಮನ ಹೆರಿಗೆಯ ಕತೆ ಹೇಳಿದರು: ಛತ್ರದಲ್ಲಿ ಜಾಗವಿಲ್ಲ, ದನದ ಗೋದಲಿ, ಪಕ್ಕದಲ್ಲಿ ಯೋಸೇಫ.

“ನಮ್ಮದರಲ್ಲಿ ಯೋಸೇಫ ಇಲ್ಲ,” ಎಂದಳು ಜೈನೆಬ. “ಮರಿಯಮ್ ಒಬ್ಬಳೇ ದೂರ ಹೋಗ್ತಾಳೆ. ನೋವು ತಡೀಲಾರದೆ ಖರ್ಜೂರದ ಮರದ ಬುಡಕ್ಕೆ ಬರ್ತಾಳೆ. ಇದಕ್ಕೆ ಮುಂಚೇನೇ ಸತ್ತಿದ್ರೆ ಆಗ್ತಿತ್ತು ಅಂತಾಳೆ.”

“ಆ ತಾಯಿ ಹಾಗೆಲ್ಲ ಅನ್ನಲ್ಲ.”

“ಅಂತಾಳೆ ಅಣ್ಣ.” ಬೀಜ ಹೊತ್ತದಂತೆ ಬಾಣಲೆಯನ್ನು ಅಲುಗಿಸಿದಳು. “ಮೆರೀಮ ಹುಟ್ಟೋವಾಗ ಅವಳಪ್ಪ ಸಂತೆಗೆ ಹೋಗಿದ್ರು. ನಿಂಗೆ ಹೇಳಿಕಳಿಸಿದ್ದೆ. ಬೆಳಗಾಗೋವರೆಗೂ ಒಬ್ಬಳೇ ಇದ್ದೆ. ನಾನೂ ಹಾಗೇ ಅಂದೆ.”

ಹೇಳಿಕೆ ಬಂದದ್ದು ತಿರುನೆಗೆ ನೆನಪಿತ್ತು. ಬಂದವನನ್ನು ಹೊಸಿಲಿನಿಂದಲೇ ಹಿಂದಕ್ಕೆ ಕಳಿಸಿದ್ದೂ ನೆನಪಿತ್ತು. ಕಾಫಿಯ ಮೂರನೆಯ, ಕೊನೆಯ ಲೋಟವೂ ಮುಗಿಯಿತು. ಅವರು ಮುಂಡಾಸು ಸರಿಪಡಿಸಿಕೊಂಡು ಎದ್ದರು.

*

“ರಕ್ತ ಒಂದೇ ಇರಬಹುದು, ದೀನ್ ಬೇರೆ, ಧರ್ಮ ಬೇರೆ,” ಎಂದ ಗೋರಿಯ ಬಳಿ ನಿಂತಿದ್ದ ಕೆಮಾಲ್. ಮದ್ರಸಾದ ಹೊಸ ಮೇಷ್ಟ್ರು. “ನಮ್ಮಲ್ಲಿ ಒಳ್ಳೆಯ ಗಂಡಸರಿಲ್ವಾ? ಯಿಮರ್ ಇಳಿಸ್ಲಿ. ಕೊರಳಲ್ಲಿ ಶಿಲುಬೆ ಹಾಕ್ಕೊಂಡವರು ನಮ್ಮ ಗೋರಿಯೊಳಗೆ...”

ಕಣ್ಣು ಮಂಜಾದ ಶೇಖ್ ಅರಗಾವ್ ಕೋಲು ಊರಿ ಹತ್ತಿರ ಬಂದರು. “ಕೆಮಾಲ್, ಮಕ್ಕಾದವರು ಹೊಡೆದು ಅಟ್ಟಿದಾಗ ನಮ್ಮವರು ಮೊದಲು ಓಡಿ ಬಂದದ್ದು ಎಲ್ಲಿಗಪ್ಪ?”

“ಈ ನಾಡಿಗೇ. ಅಕ್ಸುಮಿನ ಕ್ರೈಸ್ತ ರಾಜನ ಹತ್ರ.”

“ನಮ್ಮವರು ಓದಿದ ಮರಿಯಮಳ ಅಧ್ಯಾಯ ಕೇಳಿ ಗಡ್ಡ ನೆನೆಯೋ ಹಾಗೆ ಅತ್ತನಲ್ಲ, ಅವನ ಕೊರಳಲ್ಲಿ ಏನಿತ್ತು?”

“ಅದು ಅರಮನೆ, ಶೇಖ್. ಇದು ಗೋರಿ.”

ಯಾರೋ ನಗು ನುಂಗಿಕೊಂಡರು. ಶೇಖ್ ಗುಂಡಿಯತ್ತ ಬಾಗಿದರು. “ಮೆರ್ಗೇತಾ, ನಾಳೆ ನಿಮ್ಮ ಪಾದ್ರಿಗಳು ಸುಮ್ಮನಿರ್ತಾರಾ?”

“ಇರಲ್ಲ.”

“ಕೇಳಿದ್ರೆ?”

“ಒಂದು ಸಲ ಕರೆದಾಗ ಹೋಗಲಿಲ್ಲ ಅಂತೀನಿ.”

ಶೇಖ್ ಕೋಲು ಊರಿ ನೆಟ್ಟಗಾದರು. “ಬಟ್ಟೆ ಹಿಡೀರಿ,” ಎಂದರು. “ಯಿಮರ್, ನೀನು ಕಾಲಿನ ಕಡೆ.”

ಹೆಂಗಸಿನ ಮರೆಗೆಂದು ನಾಲ್ವರು ಗೋರಿಯ ಮೇಲೆ ಬಿಳಿಬಟ್ಟೆ ಚಾಚಿ ಹಿಡಿದರು. ತಿರುನೆ ತಂಗಿಯ ತಲೆಯನ್ನು ಎರಡೂ ತೋಳಿನಲ್ಲಿ ತೆಗೆದುಕೊಂಡು ಪಶ್ಚಿಮದ ತುದಿಗೆ ಸರಿದರು. ಎಷ್ಟೋ ಕ್ರೈಸ್ತರನ್ನು ಹಾಗೆಯೇ ಮಲಗಿಸಿದ್ದರು, ಎದ್ದಾಗ ಮೂಡಣ ಕಾಣುವಂತೆ.

“ಅಯ್ಯೋ, ಉಲ್ಟಾ ಆಯ್ತು!” ಎಂದ ಮೇಲಿನಿಂದ ಕೆಮಾಲ್.

ತಿರುನೆ ಕಲ್ಲಾದರು. ಬಟ್ಟೆಯ ಒಂದು ಮೂಲೆ ತಗ್ಗಿತು, ಅದನ್ನು ಹಿಡಿದಿದ್ದ ಕೆಮಾಲ್ ಮಂಡಿಯೂರಿದ್ದ. “ತಲೆ ಮೂಡಣಕ್ಕೆ, ಮೆರ್ಗೇತಾ,” ಎಂದ, ಈ ಸಲ ಮೆಲ್ಲಗೆ. “ಬಲಗೆನ್ನೆಯ ಮೇಲೆ ಮಲಗಿಸಿ. ಮುಖ ಉತ್ತರಕ್ಕೆ, ಮಕ್ಕಾದ ಕಡೆಗೆ.”

ಆ ಇಕ್ಕಟ್ಟಿನಲ್ಲಿ ತಿರುನೆ, ಯಿಮರ್ ಇಬ್ಬರೂ ಅವಳನ್ನು ಎತ್ತಿ ತಿರುಗಿಸಿದರು. ಭಾರವೇ ಇರಲಿಲ್ಲ.

“ಕೆನ್ನೆ ಕೆಳಗೆ ಒಂದು ಹೆಂಟೆ ಮಣ್ಣು ಇಡಿ,” ಎಂದ ಕೆಮಾಲ್.

ತಿರುನೆ ಒಂದು ಹೆಂಟೆ ಆರಿಸಿ ಅಂಗೈಯಲ್ಲಿ ಒತ್ತಿ ನೋಡಿದರು. ಚೂಪಾದ ಕಲ್ಲೊಂದು ಸಿಕ್ಕಿತು. ಉಗುರಿನಿಂದ ಕಿತ್ತು ತೆಗೆದರು. ಇನ್ನೊಂದು ಸಿಕ್ಕಿತು, ಅದನ್ನೂ ತೆಗೆದು ಬೆರಳಿನಿಂದ ಮತ್ತೆ ಸವರಿದರು. ಮೇಲೆ ಬಟ್ಟೆ ಹಿಡಿದ ಕೈಗಳು ಸೋತು ನಡುಗತೊಡಗಿದ್ದವು. ಬೇಗ ಎಂದು ಯಾರೂ ಅನ್ನಲಿಲ್ಲ.